ಒಂದಕ್ಷರದ ದೂರ

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಅಂಥ ಶಾಸನಗಳ ಸ್ಥಳನಾಮಗಳನ್ನು ಗಣಕಯಂತ್ರದಿಂದ ಹೊಂದಿಸುವವರು ಎಚ್ಚರದಿಂದಿರಬೇಕು. ಲೆವೆನ್‌ಶ್ಟೈನ್ 1965ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಪದವನ್ನು ಇನ್ನೊಂದಾಗಿಸಲು ಸೇರಿಸುವ, ತೆಗೆಯುವ, ಬದಲಿಸುವ ಅಕ್ಷರಗಳ ಎಣಿಕೆಯೇ ಅವುಗಳ ದೂರ.

ಪದಿನಾಡು, ಹದಿನಾಡು: ದೂರ ಒಂದು. ಹಳಗನ್ನಡದ ಪಕಾರ ಹಕಾರವಾಯಿತಷ್ಟೆ, ಹೆಸರು ಅದೇ. ಹದಿನಾಡು, ಹದಿನಾರು: ಇಲ್ಲಿಯೂ ದೂರ ಒಂದೇ. ಆದರೆ ಹದಿನಾಡು ಯಳಂದೂರಿನ ಪ್ರಭುಗಳ ಸೀಮೆ. ಹದಿನಾರು ನಂಜನಗೂಡು ತಾಲ್ಲೂಕಿನ ಗ್ರಾಮ. 1399ರ ಯದುರಾಯರ ಐತಿಹ್ಯ ಈ ಹೆಸರಿಗೆ ತಗುಲಿಕೊಂಡಿದೆ. ಡಕಾರ ರಕಾರಗಳ ಸಾಮ್ಯವೊಂದನ್ನೇ ನಂಬಿ ಎರಡನ್ನೂ ಬೆರೆಸಿದರೆ, ಮೈಸೂರು ಅರಸರ ಮೂಲಕಥೆಯೇ ನೆಲೆ ತಪ್ಪೀತು.

ಯಂತ್ರವು ದೂರವನ್ನು ಅಳೆಯಲಿ, ಕೇಳುಗರೇ. ತೀರ್ಪಿಗೆ ಭಾಷೆಯ ನಿಯಮವೂ ಕಲ್ಲು ನಿಂತ ನೆಲವೂ ಸಾಕ್ಷಿ ನುಡಿಯಬೇಕು.