ಹುಸಿಮೀನಿನ ಗಾಳ: ಕೃಷ್ಣೆಯಿಂದ ಕಾವೇರಿಯವರೆಗೆ

ಹುಸಿಮೀನಿನ ಗಾಳ: ಸಣ್ಣ ಮೀನು ಅಥವಾ ಕಪ್ಪೆಯ ರೂಪವನ್ನೂ ಚಲನೆಯನ್ನೂ ಅನುಕರಿಸುವ ಮರ, ಲೋಹ, ರಬ್ಬರ್ ಇಲ್ಲವೆ ಪ್ಲಾಸ್ಟಿಕ್ಕಿನ ತುಂಡಿಗೆ ಕೊಕ್ಕೆ ಕಟ್ಟಿ, ನೀರಿನ ಮೇಲೆ ಅಥವಾ ಮೇಲ್ಪದರದಲ್ಲಿ ಎಳೆದು ಬೇಟೆಗಾರ ಮೀನುಗಳನ್ನು ಹಿಡಿಯುವ ವಿಧಾನ. ಗಾಳಗಾರರ ಬಾಯಲ್ಲಿ ಈ ತುಂಡಿನ ಹೆಸರು ಲೂರ್. ಎರೆಹುಳು ಅಥವಾ ಹಿಟ್ಟಿನುಂಡೆ ಸಿಕ್ಕಿಸಿದ ಗಾಳ ಮೀನಿನ ಮೂಗನ್ನೂ ಹಸಿವನ್ನೂ ನಂಬಿ ಕಾಯುತ್ತದೆ. ಲೂರ್ ಮೀನಿನ ಕಣ್ಣನ್ನು, ಮೈಯ ಪಕ್ಕದಲ್ಲಿ ನೀರಿನ ಕಂಪನವನ್ನು ಗ್ರಹಿಸುವ ಗೆರೆಯನ್ನು, ಒಮ್ಮೊಮ್ಮೆ ಅದರ ಸಿಟ್ಟನ್ನೇ ಕೆಣಕುತ್ತದೆ. ಆದ್ದರಿಂದ ಇದು ನಡೆಯುವುದು ನೀರು ತಿಳಿಯಾಗಿದ್ದು, ಸಸಲಿನಂಥ ಕಿರುಮೀನುಗಳು ಗುಂಪುಗುಂಪಾಗಿ ಆಡುವ ಕಡೆಯೇ ಹೆಚ್ಚು. ನಕಲು ಫಲಿಸಬೇಕಾದರೆ ಅಸಲು ಅಲ್ಲಿರಬೇಕು. ದಕ್ಷಿಣದ ನದಿಗಳಲ್ಲಿ ಈ ಬೇಟೆ ನಡೆದುಬಂದ ಚರಿತ್ರೆ ಬಹುಮಟ್ಟಿಗೆ ಆ ನದಿಗಳ ಆರೋಗ್ಯದ ಚರಿತ್ರೆಯೇ ಆಗಿದೆ.

ಅಮೆರಿಕದಲ್ಲಿ ಈ ಬೇಟೆಯ ನಾಯಕ ಬಾಸ್ ಮೀನು. ಮಹಾರಾಷ್ಟ್ರದ ಸಾಂಗ್ಲಿ, ಮಿರಜಗಳ ಕೃಷ್ಣೆ ಬಾಸ್‌ನ ತವರಲ್ಲ. ಇಲ್ಲಿ ಆ ಜಾಗದಲ್ಲಿ ಮುರಲ್ ಇದೆ, ಮರಾಠಿಯವರ ಮರಳ. ಇದರ ದೊಡ್ಡ ಜಾತಿ ಹೂವಿನ ಮುರಲ್. ಸಂಜೆಗತ್ತಲಲ್ಲಿ ಕಿರುಮೀನುಗಳನ್ನು ಅಟ್ಟಿಕೊಂಡು ಬರುವ, ಅಗಲ ಬಾಯಿಯ ಬಾಳೆಮೀನೂ ಇದೆ. ಹರಿಯುವ ನೀರಿನ ಒಡೆಯ ಮಹಶೀರ್.

ಈ ಸೀಮೆಯಲ್ಲಿ ಗಾಳದ ಬರವಣಿಗೆಗೆ ಒಂಬತ್ತು ಶತಮಾನಗಳ ವಯಸ್ಸು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ ಸುಮಾರು 1127–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ಹೇಳುವ ಭಾಗವಿದೆ, ಅದರಲ್ಲಿ ಒಂದು ಮತ್ಸ್ಯವಿನೋದ. ಕಡಲು ಮತ್ತು ಸಿಹಿನೀರಿನ ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೆಸರಿಸಿ, ಯಾವುದಕ್ಕೆ ಯಾವ ತಿನಿಸು ಹಿಡಿಸುತ್ತದೆ, ಗಾಳದಿಂದ ಹಿಡಿಯುವುದು ಹೇಗೆ ಎಂದು ಅಲ್ಲಿ ವಿವರಿಸಲಾಗಿದೆ. ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಬರೆದ ಮೇಲೆ ವಿಜ್ಞಾನಿಗಳ ಗಮನ ಇತ್ತ ಹರಿಯಿತು. ಮಿರಜ ಆಗ ಮಿರಿಂಜೆ, ಮಿರಿಂಜೆ ಮೂರುಸಾಸಿರ ನಾಡಿನ ಮುಖ್ಯ ಊರು. ಅದನ್ನು ಆಳುತ್ತಿದ್ದವರು ಚಾಲುಕ್ಯರ ಸಾಮಂತರಾದ ಶಿಲಾಹಾರರು. ಮತ್ಸ್ಯವಿನೋದದ ಒತ್ತು ಇರುವುದು ತಿನಿಸಿನ ಮೇಲೆ. ಆದರೂ ಒಂದೊಂದು ಮೀನಿನ ಗುಣವನ್ನು ಬೇರೆಬೇರೆಯಾಗಿ ಅರಿತು ಬೇಟೆಯಾಡಬೇಕೆಂಬ ತಿಳಿವು ಅಲ್ಲಿ ಸ್ಪಷ್ಟವಾಗಿದೆ. ಲೂರ್ ಬೇಟೆಗೂ ಅದೇ ಅಡಿಪಾಯ. ಗಾಳದ ಚರಿತ್ರೆಯನ್ನು ಇಂಗ್ಲಿಷರಿಂದಲೇ ಆರಂಭಿಸುವವರು ಈ ಪುಟಗಳನ್ನು ಓದಬೇಕು.

ಕೃಷ್ಣಾ ಕಣಿವೆಯ ಮೀನುಗಳು ಆಧುನಿಕ ವಿಜ್ಞಾನದ ಲೆಕ್ಕಕ್ಕೆ ಬಂದದ್ದು ಡಬ್ಲ್ಯೂ. ಎಚ್. ಸೈಕ್ಸ್‌ನಿಂದ. ಮುಂಬಯಿ ಸರ್ಕಾರದ ಅಂಕಿಅಂಶ ವರದಿಗಾರನಾಗಿ ದಖ್ಖನ್ ಸುತ್ತಿದ ಈ ಸೇನಾಧಿಕಾರಿ 1839ರಲ್ಲಿ ಪುಣೆಯ ಮುಳಾ-ಮುಠಾ ನದಿಯ ಮಹಶೀರನ್ನು ವರ್ಣಿಸಿದ. ಇಂದು ಅದರ ಶಾಸ್ತ್ರೀಯ ಹೆಸರು ಟಾರ್ ಖುದ್ರಿ. ಮುಳಾ-ಮುಠಾ ಭೀಮೆಗೆ, ಭೀಮೆ ಕೃಷ್ಣೆಗೆ ಸೇರುವುದರಿಂದ ಇದು ಕೃಷ್ಣೆಯ ಮನೆಯ ಮೀನೇ. ಇದರ ಮಾತು ಮುಂದೆ ಕಾವೇರಿಯ ಪ್ರಸಂಗದಲ್ಲಿ ಮತ್ತೆ ಬರುತ್ತದೆ.

ಭಾರತದಲ್ಲಿ ಹುಸಿಮೀನಿನ ಗಾಳವನ್ನು ಶಾಸ್ತ್ರವಾಗಿ ಬರೆದಿಟ್ಟ ಪುಸ್ತಕ ಹೊರಬಂದದ್ದು ಕನ್ನಡ ನೆಲದಲ್ಲಿ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್‌ನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸತ್ತ ಕಿರುಮೀನಿಗೆ ಕೊಕ್ಕೆಗಳ ಸರ ತೊಡಿಸಿ, ಹರಿವಿನಲ್ಲಿ ಬದುಕಿದ್ದಂತೆ ತಿರುಗಿಸಿ ಎಳೆಯುವ ಬಗೆ, ಮೀನಿನಂತೆ ಮಿನುಗುವ ಲೋಹದ ಸ್ಪೂನ್, ಮುರಲಿಗೆ ಕಪ್ಪೆ – ಇವೆಲ್ಲ ಅವನ ವಿಷಯಗಳು. ಬಾಳೆಮೀನನ್ನು ಅವನು ಸಿಹಿನೀರಿನ ಶಾರ್ಕ್ ಎಂದ. 1887ರಲ್ಲಿ ಕೆರೆಗಳ ಗಾಳಕ್ಕೇ ಮೀಸಲಾದ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಬಂತು.

ಥಾಮಸ್ ದೊಡ್ಡವನೆನಿಸುವುದು ಹಿಡಿದ ಮೀನಿನ ತೂಕದಿಂದಲ್ಲ. ಅವನು ಇದಕ್ಕೂ ಮೊದಲೇ, 1870ರಲ್ಲಿ, ದಕ್ಷಿಣ ಕನ್ನಡದ ಮೀನುಸಾಕಣೆ ಕುರಿತು ವರದಿ ಬರೆದಿದ್ದ. ಹೊಳೆಗೆ ವಿಷ ಕಲಸುವುದು, ಮರಿಗಳನ್ನೂ ಬಿಡದ ಸಣ್ಣ ಕಣ್ಣಿನ ಬಲೆ ಹಾಕುವುದು ನದಿಯನ್ನು ಬರಿದು ಮಾಡುತ್ತವೆಂದು ಅವನಿಗೆ ಕಂಡಿತ್ತು. ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಫ್ರಾನ್ಸಿಸ್ ಡೇ ಕೂಡ ಅದನ್ನೇ ಹೇಳುತ್ತಿದ್ದ. ನೀರಿಗೆ ಸಿಡಿಮದ್ದು, ವಿಷ ಹಾಕುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯ್ದೆ 1897ರಲ್ಲಿ ಬಂತು. ಗಾಳ ಹಿಡಿದವನೇ ಮೀನಿನ ಪರವಾಗಿ ಮಾತಾಡಿದ ಪರಂಪರೆ ನಮ್ಮಲ್ಲಿ ಇಲ್ಲಿಂದ ಕಾಣುತ್ತದೆ. ಕನ್ನಡದಲ್ಲಿ ಅದನ್ನು ಮುಂದುವರಿಸಿದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಹೊಳೆಯಲ್ಲಿ ಗಾಳ ಹಾಕಿ ಕೂತವರ ಲೋಕ ನಮ್ಮ ಗದ್ಯಕ್ಕೆ ಅಷ್ಟು ಜೀವಂತವಾಗಿ ಬಂದದ್ದು ಅವರಿಂದ.

ಲೂರ್‌ಗಳ ಕೈಗಾರಿಕೆ ಬೆಳೆದದ್ದು ಹೊರಗೆ. ಅಮೆರಿಕದ ಜೂಲಿಯೊ ಬ್ಯುಯೆಲ್ ಸ್ಪೂನ್‌ಗೆ 1852ರಲ್ಲಿ ಪೇಟೆಂಟ್ ಪಡೆದ. ಮಿಶಿಗನ್ನಿನ ಡೊವಾಜಿಯಾಕ್ ಊರಿನ ಜೇಮ್ಸ್ ಹೆಡನ್ ಮರ ಕೆತ್ತಿ ತೇಲುವ ಲೂರ್ ಮಾಡಿ ಬಾಸ್ ಬೇಟೆಯ ದಾರಿಯನ್ನೇ ಬದಲಿಸಿದ. ಅವನ ಕಂಪನಿಯ ಝಾರಾ ಸ್ಪೂಕ್, ತಲೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತ ನೀರ ಮೇಲೆ ನಡೆದುಬರುವ ಹುಸಿಮೀನು, 1939ರದು. ಫಿನ್‌ಲ್ಯಾಂಡಿನ ಮೀನುಗಾರ ಲೌರಿ ರಾಪಲಾ ದೊಡ್ಡ ಮೀನುಗಳು ಗುಂಪಿನಲ್ಲಿ ತುಸು ಓರೆಯಾಗಿ ಈಜುವ ಕಿರುಮೀನನ್ನೇ ಆರಿಸಿ ಹಿಡಿಯುವುದನ್ನು ಗಮನಿಸಿ, 1936ರಲ್ಲಿ ಬೆಂಡಿನಿಂದ ಅಂಥ ನಡಿಗೆಯ ಮೀನು ಕೆತ್ತಿದ. ಇವತ್ತು ಸಾಂಗ್ಲಿಯ ಹುಡುಗರ ಡಬ್ಬಿಯಲ್ಲಿರುವ ಲೂರ್‌ಗಳ ವಂಶಾವಳಿ ಈ ಮೂವರಲ್ಲಿಗೆ ಮುಟ್ಟುತ್ತದೆ.

ಕರ್ನಾಟಕದಲ್ಲಿ ಈ ಬೇಟೆಯ ಕೀರ್ತಿಯೆಲ್ಲ ಕಾವೇರಿಯದು. 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಹಿಡಿದ. 1946ರ ಮಾರ್ಚ್‌ನಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದನ್ನು, ಎಂದರೆ ಸುಮಾರು 54 ಕಿಲೋ ತೂಕದ ಮೀನನ್ನು ಎಳೆದ. 1970ರ ದಶಕದ ಕೊನೆಗೆ ಬ್ರಿಟಿಷ್ ಗಾಳಗಾರರ ತಂಡವೊಂದು ಬಂದು ಮತ್ತೆ ಭಾರಿ ಮೀನುಗಳನ್ನು ಹಿಡಿದ ಮೇಲೆ ಭೀಮೇಶ್ವರಿ, ಗಾಳಿಬೋರೆ ಶಿಬಿರಗಳು ಹೆಸರಾದವು. ಅಲ್ಲಿ ಸ್ಪೂನ್, ಹುಸಿಮೀನುಗಳ ಜೊತೆಗೆ ರಾಗಿ ಹಿಟ್ಟಿನ ಉಂಡೆಯೂ ಧಾರಾಳವಾಗಿ ಓಡಿತು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡುವುದು ಶಿಬಿರದ ಕಟ್ಟಳೆಯಾಗಿತ್ತು. ಬಿಡುವ ಮುನ್ನ ತೂಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು.

ಆ ಪುಸ್ತಕಗಳೇ ಮುಂದೆ ಸಾಕ್ಷಿ ಹೇಳಿದವು. ಟಾಟಾ ವಿದ್ಯುತ್ ಕಂಪನಿ ಲೋಣಾವಳದಲ್ಲಿ 1970ರ ದಶಕದಿಂದ ಮಹಶೀರ್ ಮರಿಗಳನ್ನು ಬೆಳೆಸಿ ಹಲವು ರಾಜ್ಯಗಳಿಗೆ ಕೊಟ್ಟಿತು. ಸೈಕ್ಸ್ ವರ್ಣಿಸಿದ, ನೀಲಿ ರೆಕ್ಕೆಯ ಆ ಕೃಷ್ಣಾ ಕಣಿವೆಯ ಮೀನು ಕಾವೇರಿಗೂ ಬಂತು. ತಂದವರ ಉದ್ದೇಶ ಒಳ್ಳೆಯದೇ. ಆದರೆ ಗಾಳಿಬೋರೆಯ 1998ರಿಂದ 2012ರವರೆಗಿನ ಲೆಕ್ಕವನ್ನು, ಆರು ಸಾವಿರಕ್ಕೂ ಹೆಚ್ಚು ಮೀನುಗಳ ದಾಖಲೆಯನ್ನು, ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ಪರಿಶೀಲಿಸಿದಾಗ ಕಂಡದ್ದು ಬೇರೆ: ನೀಲಿ ರೆಕ್ಕೆಯವು ಏರುತ್ತ ಹೋಗಿದ್ದವು, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಅಳಿವಿನಂಚಿಗೆ ಸರಿದಿತ್ತು. ದಾಖಲೆ ಬರೆದ ಮೀನೆಂದು ಜಗತ್ತು ಕೊಂಡಾಡಿದ್ದ ಈ ಗೂನುಬೆನ್ನಿನದಕ್ಕೆ ಅಲ್ಲಿಯವರೆಗೆ ಖಚಿತವಾದ ಶಾಸ್ತ್ರೀಯ ಹೆಸರೂ ಇರಲಿಲ್ಲ. 2018ರಲ್ಲಿ ಅದು ಟಾರ್ ರೆಮಾದೇವಿ ಎಂದು ನಿಶ್ಚಯವಾಯಿತು. ಅದೇ ವರ್ಷ ಐಯುಸಿಎನ್ ಪಟ್ಟಿಯಲ್ಲಿ ತೀವ್ರ ಅಪಾಯಕ್ಕೆ ಸಿಲುಕಿದ ಜೀವಿಗಳ ಸಾಲಿಗೆ ಸೇರಿತು. ಅಷ್ಟರಲ್ಲಿ, ಅಭಯಾರಣ್ಯದೊಳಗೆ ಗಾಳ ಕೂಡದೆಂಬ ಕಾರಣಕ್ಕೆ ಶಿಬಿರಗಳ ಬೇಟೆ ನಿಂತಿತ್ತು. ನಿಯಮ ಸರಿಯಾದದ್ದೇ, ಆದರೂ ವರ್ಷವರ್ಷ ನದಿಯ ಲೆಕ್ಕ ಬರೆಯುತ್ತಿದ್ದ ಪುಸ್ತಕ ಮುಚ್ಚಿಹೋದದ್ದು ನಿಜವಾದ ನಷ್ಟ.

ಸಾಂಗ್ಲಿಯ ಕಡೆ ಈಗ ಮಹಶೀರಿಗಿಂತ ಮುರಲಿನ ಕಾಲ. ಕರಾಡದಲ್ಲಿ ಕೊಯ್ನೆಯನ್ನು, ಹರಿಪುರದ ಸಂಗಮದಲ್ಲಿ ವಾರಣೆಯನ್ನು ಕೂಡಿಸಿಕೊಂಡು ಬರುವ ಕೃಷ್ಣೆಗೆ ಅಲ್ಲಲ್ಲಿ ಕೊಲ್ಹಾಪುರ ಮಾದರಿಯ ಬಂಧಾರಗಳನ್ನು ಕಟ್ಟಿ ನೀರು ನಿಲ್ಲಿಸಿದ್ದಾರೆ. ಕಬ್ಬಿಗೆ ಅದರಿಂದ ನೀರಾಯಿತು, ಹರಿವನ್ನು ಬೇಡುವ ಮಹಶೀರಿಗೆ ಇಂಬು ಕಡಿಮೆಯಾಯಿತು. ನಿಂತ ನೀರು, ಅಂಚಿನ ಜೊಂಡು, ಅಂತರಗಂಗೆ ಮುರಲಿಗೆ ಹೇಳಿ ಮಾಡಿಸಿದ ಜಾಗ. ಕಿವಿರಿನ ಮೇಲಿರುವ ವಿಶೇಷ ಅಂಗದಿಂದ ಅದು ಗಾಳಿಯನ್ನೇ ಉಸಿರಾಡುತ್ತದೆ. ಅದಕ್ಕಾಗಿ ಆಗಾಗ ಮೇಲೆ ಬಂದು ಬಾಯಿ ತೆರೆಯಲೇಬೇಕು. ಗಾಳಗಾರ ಕಾಯುವುದು ಆ ಗುಳುಕ್ ಸದ್ದಿಗೆ.

ಈ ಬೇಟೆಯ ಮುಖ್ಯ ಸಲಕರಣೆ ಟೊಳ್ಳು ರಬ್ಬರಿನ ಕಪ್ಪೆ. ಅದರ ಎರಡು ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುವುದರಿಂದ ಕಳೆಗೆ ಸಿಕ್ಕಿಕೊಳ್ಳದೆ ಎಲೆಗಳ ಮೇಲೆ ಜಾರಿಬರುತ್ತದೆ. ಮುರಲಿನ ದವಡೆ ಮುಚ್ಚಿದಾಗ ರಬ್ಬರು ಅಮುಕಿಹೋಗಿ ಕೊಕ್ಕೆ ಹೊರಗೆ ಬರುತ್ತದೆ. ನೀರು ಸಿಡಿದ ಕೂಡಲೇ ರಾಡ್ ಎಳೆದರೆ ಬರಿಯ ಕಪ್ಪೆ ಹಾರಿಬರುತ್ತದೆ. ಮೀನು ಅದನ್ನು ಒಳಗೆ ಎಳೆದುಕೊಂಡು ತಿರುಗುವವರೆಗೆ ಒಂದು ಕ್ಷಣ ತಡೆಯಬೇಕು, ಕಲಿಯಲು ಅತಿ ಕಷ್ಟದ್ದು ಈ ತಡೆಯುವಿಕೆ. ತೆರೆದ ನೀರಿನಲ್ಲಿ ಕಪ್ಪೆಯ ಬದಲು ಚಪ್ಪಟೆ ಬೆಳ್ಳಿಮೈಯ ಹುಸಿಮೀನು ಓಡುತ್ತದೆ, ಏಕೆಂದರೆ ಅಲ್ಲಿ ಬೇಟೆ ಮೀನು ಅಟ್ಟುವುದು ಅಂಥ ಕಿರುಮೀನುಗಳನ್ನೇ. ಮಳೆಗಾಲದಲ್ಲಿ ಇದೆಲ್ಲ ನಿಲ್ಲುತ್ತದೆ. ಸಾಂಗ್ಲಿಯ ಐರ್ವಿನ್ ಸೇತುವೆಯ ಮಾಪಕದಲ್ಲಿ 45 ಅಡಿ ಅಪಾಯದ ಮಟ್ಟ. 2005, 2019ರಂಥ ಮಹಾಪೂರದ ವರ್ಷಗಳಲ್ಲಿ ನದಿ ಅದನ್ನೂ ಮೀರಿ ಊರೊಳಗೆ ನುಗ್ಗಿತು. ಕೆಂಪು ನೀರು ಇಳಿದು ತಿಳಿಯಾದ ಮೇಲೆಯೇ ಲೂರ್‌ಗೆ ಕೆಲಸ.

ಒಂದು ಅಭ್ಯಾಸವನ್ನು ಇಲ್ಲಿ ಖಂಡಿಸಲೇಬೇಕು. ಮುರಲ್ ತಂದೆತಾಯಿಗಳು ಮೊಟ್ಟೆಯನ್ನೂ ಮರಿಗಳನ್ನೂ ಕಾಯುತ್ತವೆ. ನೂರಾರು ಮರಿಗಳ ಗುಂಪು ನೀರಿನ ಮೇಲೆ ಮಿಣಮಿಣ ಸರಿಯುವಾಗ ಕೆಳಗೆ ಹಿರಿಯ ಮೀನು ಇದ್ದೇ ಇರುತ್ತದೆ. ಆ ಗುಂಪಿನ ಮೇಲೆ ಕಪ್ಪೆ ಎಸೆದರೆ ಅದು ಹಸಿವಿನಿಂದಲ್ಲ, ಮರಿಗಳನ್ನು ಉಳಿಸುವ ಸಿಟ್ಟಿನಿಂದ ಕಚ್ಚುತ್ತದೆ. ಅದನ್ನು ಎತ್ತಿಕೊಂಡು ಹೋದರೆ ಮರಿಗಳು ಉಳಿದ ಮೀನುಗಳ ಬಾಯಿಗೆ ಬೀಳುತ್ತವೆ. ಬಲ್ಲ ಗಾಳಗಾರರು ಮರಿಗುಂಪು ಕಂಡ ಕಡೆ ಎಸೆಯುವುದಿಲ್ಲ.

ಆದರೆ ಎಷ್ಟೇ ಅವಿವೇಕಿ ಗಾಳಗಾರನೂ ಕೊಳಕು ನೀರಿನಷ್ಟು ಹಾನಿ ಮಾಡಲಾರ. 2023ರ ಮಾರ್ಚ್‌ನಲ್ಲಿ ಸಾಂಗ್ಲಿಯ ಬಳಿ ಕೃಷ್ಣೆಯಲ್ಲಿ ರಾಶಿರಾಶಿ ಮೀನು ಸತ್ತು ತೇಲಿದವು. ಕಾರ್ಖಾನೆಯ ತ್ಯಾಜ್ಯ, ಊರ ಕೊಳಚೆ ಎರಡರ ಮೇಲೂ ದೂರು ಎದ್ದಿತು. ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿದಾಗ ಮೊದಲು ಸಾಯುವವು ಕಿವಿರಿನಿಂದಲೇ ಉಸಿರಾಡುವ ಮೀನುಗಳು. ಗಾಳಿ ಕುಡಿಯುವ ಮುರಲ್ ಇನ್ನೂ ಕೆಲಕಾಲ ತಾಳಬಲ್ಲದು. ಆಗ ಅದಕ್ಕೆ ತಿನ್ನಲು ಸಿಗುವುದು ಹೆಚ್ಚಾಗಿ, 1952ರಲ್ಲಿ ದೇಶಕ್ಕೆ ತಂದ ಆಫ್ರಿಕದ ತಿಲಾಪಿಯಾದ (ಇಲ್ಲಿಯವರ ಚಿಲಾಪಿ) ಮರಿಗಳು.