ಎರಡು ತಿಂಗಳ ಸಂಶೋಧಕರು

ಮಂಗಳೂರಿನ ಹಂಪನಕಟ್ಟೆಯ ವೆನ್‌ಲಾಕ್ ಆಸ್ಪತ್ರೆ ಆರಂಭವಾದದ್ದು 1848ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. ಮುಂದೆ ಮದರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್‌ನ ಹೆಸರು ಅದಕ್ಕೆ ಬಂತು. ಬಡರೋಗಿಗಳ ಈ ಆಸ್ಪತ್ರೆ ಸುಮಾರು ನೂರು ವರ್ಷಗಳ ನಂತರ ಪಾಠಶಾಲೆಯೂ ಆಯಿತು.

1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದಾಗ ಮಣಿಪಾಲದಲ್ಲಿ ಅದಕ್ಕೆ ತನ್ನದೇ ಆದ ದೊಡ್ಡ ಆಸ್ಪತ್ರೆ ಇರಲಿಲ್ಲ. ಅದು ತೆರೆದದ್ದು 1961ರಲ್ಲಿ. ರೋಗಿಗಳಿಲ್ಲದೆ ವೈದ್ಯಶಿಕ್ಷಣ ಸಾಧ್ಯವೇ? ಹೀಗಾಗಿ ಮಣಿಪಾಲದಲ್ಲಿ ಮೊದಲ ಪಾಠಗಳನ್ನು ಮುಗಿಸಿದ ವಿದ್ಯಾರ್ಥಿಗಳು ಮಂಗಳೂರಿನ ಸರ್ಕಾರಿ ವಾರ್ಡುಗಳಿಗೆ ಬಂದರು. ರೋಗ ಗುರುತಿಸುವುದನ್ನೂ ಔಷಧ ಬರೆಯುವುದನ್ನೂ ಅಲ್ಲಿ ಕಲಿತರು. ಆದರೆ ಒಂದೇ ಔಷಧ ಒಬ್ಬರಿಗೆ ನಾಟಿ ಇನ್ನೊಬ್ಬರಿಗೆ ಏಕೆ ನಾಟುವುದಿಲ್ಲ ಎಂದು ಕೇಳುವುದು ಬೇರೆಯೇ ವಿದ್ಯೆ.

ಈ ವಿದ್ಯೆಗೆ ವಯಸ್ಸು ಅಡ್ಡಿಯಲ್ಲ. ಮೇದೋಜೀರಕ ಗ್ರಂಥಿಯೊಳಗಿನ ಕೋಶಗುಚ್ಛಗಳನ್ನು 1869ರಲ್ಲಿ ವರ್ಣಿಸಿದ ಪಾಲ್ ಲಾಂಗರ್‌ಹ್ಯಾನ್ಸ್ ಬರ್ಲಿನ್ನಿನ ಒಬ್ಬ ವೈದ್ಯವಿದ್ಯಾರ್ಥಿ. ಆ ಗುಚ್ಛಗಳಿಂದ ಹೊರಡುವ ಇನ್ಸುಲಿನ್ನನ್ನು 1921ರಲ್ಲಿ ಬೇರ್ಪಡಿಸಲು ಟೊರಾಂಟೊದಲ್ಲಿ ಬ್ಯಾಂಟಿಂಗ್‌ಗೆ ನೆರವಾದ ಚಾರ್ಲ್ಸ್ ಬೆಸ್ಟ್‌ಗೆ ಆಗ 22 ವರ್ಷ. ಆತ ಪದವಿ ಪರೀಕ್ಷೆ ಮುಗಿಸಿದ್ದು ಆಗಷ್ಟೇ.

ನಮ್ಮಲ್ಲಿ ಇಂಥ ಅವಕಾಶಕ್ಕೆ ಒಂದು ಕ್ರಮ ಬಂದದ್ದು 1979ರಲ್ಲಿ. 1911ರಲ್ಲಿ ಹುಟ್ಟಿ 1949ರಲ್ಲಿ ಈಗಿನ ಹೆಸರು ಪಡೆದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆ ವರ್ಷ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆಯನ್ನು ಆರಂಭಿಸಿತು. ವಿದ್ಯಾರ್ಥಿ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಬೇಕು, ತನ್ನ ಕಾಲೇಜಿನ ಒಬ್ಬ ಅಧ್ಯಾಪಕರನ್ನು ಮಾರ್ಗದರ್ಶಕರನ್ನಾಗಿ ಪಡೆಯಬೇಕು, ನೈತಿಕ ಸಮಿತಿಯ ಒಪ್ಪಿಗೆ ತರಬೇಕು. ಎರಡು ತಿಂಗಳು ದುಡಿದು ವರದಿ ಸಲ್ಲಿಸಬೇಕು. ವರದಿ ಒಪ್ಪಿಗೆಯಾದರೆ ಮಾತ್ರ ಹಣ ಮತ್ತು ಪ್ರಮಾಣಪತ್ರ.

ಮಂಗಳೂರಿನಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. 1990ರ ದಶಕದಲ್ಲಿ ಕಟ್ಟಡಗಳು ಏಳುತ್ತಿದ್ದಂತೆ ಅಲ್ಲಲ್ಲಿ ನಿಂತ ನೀರಿನ ಜೊತೆಗೆ ಮಲೇರಿಯಾವೂ ನಗರದಲ್ಲಿ ಬೀಡುಬಿಟ್ಟಿತು. ಯಾವ ಬಡಾವಣೆಯಲ್ಲಿ ಹೆಚ್ಚು, ರೋಗಿಗಳು ಮಾತ್ರೆಗಳನ್ನು ಪೂರ್ತಿ ನುಂಗುತ್ತಾರೆಯೇ ಎಂಬ ಸರಳ ಪ್ರಶ್ನೆಗಳೂ ಸಂಶೋಧನೆಯೇ. ಕಲಿಯುವವರ ಸಂಖ್ಯೆಯೂ ಬೆಳೆದಿದೆ: 1999ರಲ್ಲಿ ಕಂಕನಾಡಿಯಲ್ಲಿ ಒಂದು, ದೇರಳಕಟ್ಟೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳು ಆರಂಭವಾದವು.

ಆದರೆ ಅಪಾಯವೂ ಇಲ್ಲಿಯೇ ಇದೆ. ಪ್ರಕಟಿತ ಲೇಖನಗಳು ಮುಂದಿನ ಓದಿಗೆ, ಅದರಲ್ಲೂ ವಿದೇಶದ ಓದಿಗೆ, ಏಣಿಯಾದಾಗ ಪ್ರಶ್ನೆಗಿಂತ ಪ್ರಮಾಣಪತ್ರವೇ ದೊಡ್ಡದಾಗಬಹುದು. ಅಧ್ಯಯನಕ್ಕೆ ರಕ್ತ ಕೊಡುವವನು, ಕೂಲಿ ಬಿಟ್ಟು ಬಂದು ಪ್ರಶ್ನಾವಳಿಗೆ ಉತ್ತರ ಹೇಳುವವನು ಬಹುಪಾಲು ಬಡರೋಗಿ. ಅವನಿಗೆ ವಿಷಯವನ್ನು ಅವನ ಮಾತಿನಲ್ಲಿ, ತುಳುವಿನಲ್ಲೋ ಕನ್ನಡದಲ್ಲೋ ಬ್ಯಾರಿಯಲ್ಲೋ, ತಿಳಿಸಿ ಒಪ್ಪಿಗೆ ಪಡೆಯುವುದೇ ತರಬೇತಿಯ ಮೊದಲ ಪಾಠ. ಎರಡು ತಿಂಗಳಲ್ಲಿ ಹೊಸ ಔಷಧ ಸಿಗಲಾರದು. ಕೇಳಿ, ಎಣಿಸಿ, ಅನುಮಾನಿಸಿ, ಆಮೇಲೆ ನಂಬುವ ವೈದ್ಯ ಸಿಕ್ಕರೆ ಆ ರೋಗಿ ಕೊಟ್ಟ ಸಮಯ ವ್ಯರ್ಥವಾಗಲಿಲ್ಲ.