ಕೌದಿ: ಒಂದು ಚಾರಿತ್ರಿಕ ಆಕರ

ಜಮಖಂಡಿ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಈ ಪ್ರದೇಶವು ಮೈಸೂರು ರಾಜ್ಯವನ್ನು ಸೇರಿತು. ಇಂತಹ ಸಂಗತಿಗಳಿಗೆ ದಫ್ತರಗಳ ಆಧಾರವುಂಟು. ಆದರೆ ಕೃಷ್ಣಾತೀರದ ಚಿಕ್ಕಪಡಸಲಗಿಯಂತಹ ಗ್ರಾಮಗಳ ಸ್ತ್ರೀಯರ ದುಡಿಮೆಗೆ ಆಧಾರವಾವುದು? ಕೌದಿಯು ಅಂತಹ ಒಂದು ಆಕರವೆಂಬುದು ನಮ್ಮ ಅಭಿಪ್ರಾಯ.

ಸವೆದ ಸೀರೆ, ಧೋತರ, ಕುಪ್ಪಸಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಹೊಲಿದರೆ ಬೆಚ್ಚನೆಯ ಹೊದಿಕೆ ಸಿದ್ಧವಾಗುತ್ತದೆ. ಅದರ ತುಂಡುಗಳಲ್ಲಿ ಇಳಕಲ್ಲಿನ ಸೆರಗನ್ನಾಗಲಿ, ಗುಳೇದಗುಡ್ಡದ ಖಣವನ್ನಾಗಲಿ ಗುರುತಿಸಿದಲ್ಲಿ, ಯಾವ ಮಗ್ಗದ ಬಟ್ಟೆ ಯಾವ ಮನೆಯನ್ನು ಮುಟ್ಟಿತೆಂಬುದನ್ನು ಊಹಿಸಬಹುದು.

ಆದರೆ ಕೌದಿಗೆ ತಾರೀಖಿಲ್ಲ. ಜೀರ್ಣವಾದ ಕೌದಿಯು ಮತ್ತೊಂದು ಕೌದಿಯ ಒಳಪದರವಾಗಿ ಮರೆಯಾಗುತ್ತದೆ. ಆದುದರಿಂದ, ಹೊಲಿದವರು ಬದುಕಿರುವಾಗಲೇ ಅವರ ಹೇಳಿಕೆಯೊಡನೆ ಅದನ್ನು ಸಂಗ್ರಹಿಸುವುದು ವಿಳಂಬವನ್ನು ಸಹಿಸದ ಕಾರ್ಯವಾಗಿದೆ.